ದನಿಗೂ ಒಂದು ಲೆಕ್ಕವಿದೆ: ಆಂಪ್ಲಿಫೈಯರ್ ಮತ್ತು ಕಡಿಮೆ ಓಮಿನ ಸ್ಪೀಕರುಗಳ ಹೊಂದಾಣಿಕೆ

(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಶಿಕ್ಷಣ ಸಂಘದ ವೇದಿಕೆಯ ಮೇಲೆ ಮೈಕ್ ಸೆಟ್ಟಿನ ಬಗ್ಗೆ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಯೋಚಿಸಿ ನೋಡಿ. ನಮ್ಮ ಶಾಲೆಯ ವಾರ್ಷಿಕೋತ್ಸವ ಇರಲಿ, ಜಲ್ಸಾ ಇರಲಿ, ಐದು ಹೊತ್ತಿನ ಅಜಾನ್ ಇರಲಿ, ಜನಾಜಾದ ಸುದ್ದಿ ಇರಲಿ, ಎಲ್ಲವೂ ಜನರ ಕಿವಿಗೆ ಮುಟ್ಟುವುದು ಒಂದು ಆಂಪ್ಲಿಫೈಯರ್ ಮತ್ತು ನಾಲ್ಕಾರು ಸ್ಪೀಕರುಗಳ ಮೂಲಕ. ಅದು ಕೈಕೊಟ್ಟರೆ ತಿಂಗಳುಗಟ್ಟಲೆ ತಯಾರಿ ಮಾಡಿದ ಕಾರ್ಯಕ್ರಮ ಕೆಟ್ಟಿತು. ಬಡವರ ಚಂದಾದಿಂದ ಕೊಂಡ ಯಂತ್ರ ಸುಟ್ಟಿತು. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ಸಾಲಿನಲ್ಲಿ ಕುಳಿತ ಹೆಣ್ಣುಮಕ್ಕಳಿಗೆ ಭಾಷಣಕಾರರ ಒಂದು ಮಾತೂ ತಿಳಿಯಲಿಲ್ಲ. ಹೀಗಾಗಿ ಇದು ಬರೀ ಅಂಗಡಿಯವರ ವಿಷಯವಲ್ಲ, ಶಿಕ್ಷಣದ ವಿಷಯವೇ.

ಇನ್ನೊಂದು ಕಾರಣವೂ ಉಂಟು. ಇದನ್ನು ತಿಳಿಯಲು ದೊಡ್ಡ ಪದವಿ ಬೇಕಾಗಿಲ್ಲ. ಹತ್ತನೆಯ ತರಗತಿಯಲ್ಲಿ ನೀವು ಓದಿದ ಓಮ್ ನಿಯಮ, ಸರಣಿ ಸಂಪರ್ಕ, ಸಮಾಂತರ ಸಂಪರ್ಕ ಇಷ್ಟೇ ಸಾಕು. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತ ಪಾಠ ಹಳೇ ಪಿ.ಬಿ. ರಸ್ತೆಯ ಸೌಂಡ್ ಸಿಸ್ಟಮ್ ಅಂಗಡಿಯಲ್ಲಿ ದಿನವೂ ಕೆಲಸ ಮಾಡುತ್ತಿದೆ. ಅದನ್ನು ತೋರಿಸುವುದೇ ಈ ಹೊತ್ತಿನ ನನ್ನ ಉದ್ದೇಶ.

ಟ್ಯಾಂಕು ಮತ್ತು ನಲ್ಲಿ

ಆಂಪ್ಲಿಫೈಯರ್ ಎಂದರೇನು? ಮೈಕಿನಿಂದ ಬಂದ ಸಣ್ಣ ವಿದ್ಯುತ್ ಸಂಕೇತವನ್ನು ಅದೇ ರೂಪದಲ್ಲಿ ದೊಡ್ಡದು ಮಾಡಿ ಸ್ಪೀಕರಿಗೆ ಕೊಡುವ ಯಂತ್ರ. ನಾವು ವಾಲ್ಯೂಮ್ ತಿರುಗಿಸಿದಾಗ ನಿಜವಾಗಿ ಹೆಚ್ಚಿಸುವುದು ವೋಲ್ಟೇಜನ್ನು. ಆ ವೋಲ್ಟೇಜಿಗೆ ಎಷ್ಟು ಕರೆಂಟ್ ಹರಿಯಬೇಕು ಎಂಬುದನ್ನು ಆಂಪ್ಲಿಫೈಯರ್ ತೀರ್ಮಾನಿಸುವುದಿಲ್ಲ, ಸ್ಪೀಕರು ತೀರ್ಮಾನಿಸುತ್ತದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

ಓಣಿಯ ನೀರಿನ ಟ್ಯಾಂಕನ್ನು ನೆನೆಯಿರಿ. ಟ್ಯಾಂಕಿನ ಎತ್ತರವೇ ವೋಲ್ಟೇಜು. ಹರಿಯುವ ನೀರೇ ಕರೆಂಟು. ನಲ್ಲಿಯ ಬಾಯಿ ಸಣ್ಣದಿದ್ದರೆ ನೀರು ಕಡಿಮೆ, ಅಗಲವಾಗಿದ್ದರೆ ಹೆಚ್ಚು. ಸ್ಪೀಕರಿನ ಓಮ್ ಎಂದರೆ ನಲ್ಲಿ ಒಡ್ಡುವ ಅಡ್ಡಿ. ಓಮ್ ಕಡಿಮೆಯಾದಷ್ಟೂ ನಲ್ಲಿ ಅಗಲ. ಟ್ಯಾಂಕು ತುಂಬಿಸುವ ಮೋಟಾರು ಆಂಪ್ಲಿಫೈಯರಿನ ಪವರ್ ಸಪ್ಲೈ ಇದ್ದಂತೆ. ನಲ್ಲಿಗಳನ್ನು ಅಗಲ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಮೋಟಾರು ಸೋಲುತ್ತದೆ.

ಈಗ ಲೆಕ್ಕ ಹಾಕೋಣ. ಆಂಪ್ಲಿಫೈಯರ್ 20 ವೋಲ್ಟ್ ಕೊಡುತ್ತಿದೆ ಎಂದುಕೊಳ್ಳಿ. 8 ಓಮಿನ ಸ್ಪೀಕರಿನಲ್ಲಿ ಎರಡೂವರೆ ಆಂಪಿಯರ್ ಹರಿಯುತ್ತದೆ, ಶಕ್ತಿ 50 ವ್ಯಾಟ್. ಅದೇ ವೋಲ್ಟೇಜಿನಲ್ಲಿ 4 ಓಮಿಗೆ 5 ಆಂಪಿಯರ್, 100 ವ್ಯಾಟ್. 2 ಓಮಿಗೆ 10 ಆಂಪಿಯರ್, 200 ವ್ಯಾಟ್. 1 ಓಮಿಗೆ 20 ಆಂಪಿಯರ್, 400 ವ್ಯಾಟ್. ನೋಡಿ, ವಾಲ್ಯೂಮ್ ಮುಟ್ಟಲಿಲ್ಲ, ಓಮ್ ಮಾತ್ರ ಇಳಿಯಿತು. ಆಂಪ್ಲಿಫೈಯರಿನ ಹೆಗಲ ಮೇಲಿನ ಭಾರ ಎಂಟು ಪಟ್ಟಾಯಿತು.

ಕಾಗದದ ಮೇಲೆ ಇದು ಲಾಭದಂತೆ ಕಾಣುತ್ತದೆ. ಆದರೆ ಆ 20 ಆಂಪಿಯರನ್ನು ಕೊಡಲು ಟ್ರಾನ್ಸ್‌ಫಾರ್ಮರ್ ದಪ್ಪಗಿರಬೇಕು, ಕೆಪ್ಯಾಸಿಟರುಗಳು ದೊಡ್ಡವಿರಬೇಕು, ಔಟ್‌ಪುಟ್ ಟ್ರಾನ್ಸಿಸ್ಟರುಗಳು ಹೆಚ್ಚಿರಬೇಕು, ಶಾಖ ಹೊರಹಾಕುವ ಅಲ್ಯೂಮಿನಿಯಂ ಹಾಳೆಗಳೂ ಫ್ಯಾನೂ ತಕ್ಕಂತಿರಬೇಕು. ಇವಿಲ್ಲದ ಯಂತ್ರದಲ್ಲಿ ಮೊದಲು ದನಿ ಒಡೆಯುತ್ತದೆ. ಆಮೇಲೆ ರಕ್ಷಣಾ ಸರ್ಕ್ಯೂಟ್ ಇದ್ದರೆ ಸೆಟ್ಟು ಮೌನವಾಗುತ್ತದೆ. ಅದಿಲ್ಲದಿದ್ದರೆ ಟ್ರಾನ್ಸಿಸ್ಟರ್ ಸುಡುತ್ತದೆ, ಸುಡುವಾಗ ನೇರ ವಿದ್ಯುತ್ತನ್ನು ಸ್ಪೀಕರಿಗೆ ನುಗ್ಗಿಸಿ ಅದರ ವಾಯ್ಸ್ ಕಾಯಿಲನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಏಲಕ್ಕಿ ಹಾರದ ಜೋಡಣೆ

ಹಾವೇರಿಯ ಏಲಕ್ಕಿ ಹಾರ ನಾಡಿಗೆಲ್ಲ ಗೊತ್ತು. ಅದರಲ್ಲಿ ಒಂದರ ಹಿಂದೆ ಒಂದು ಏಲಕ್ಕಿ ಪೋಣಿಸಿರುವಂತೆ ಸ್ಪೀಕರುಗಳನ್ನು ಜೋಡಿಸಿದರೆ ಅದು ಸರಣಿ ಸಂಪರ್ಕ. ಓಮುಗಳು ಕೂಡುತ್ತವೆ. 8 ಓಮಿನ ಎರಡು ಸೇರಿ 16. ಹಾಗಲ್ಲದೆ ಪ್ರತಿ ಸ್ಪೀಕರಿನ ಎರಡೂ ತಂತಿಗಳನ್ನು ಆಂಪ್ಲಿಫೈಯರಿನ ಅವೇ ಎರಡು ತಿರುಪುಗಳಿಗೆ ಕಟ್ಟಿದರೆ ಸಮಾಂತರ ಸಂಪರ್ಕ. ಓಮು ಭಾಗವಾಗುತ್ತದೆ. 8 ಓಮಿನ ಎರಡು ಸೇರಿ 4, ನಾಲ್ಕು ಸೇರಿ 2. 4 ಓಮಿನ ನಾಲ್ಕು ಸೇರಿದರೆ ಬರೀ 1 ಓಮ್.

ಸ್ಪೀಕರ್ ಪೆಟ್ಟಿಗೆಯ ಹಿಂದೆ ಎರಡು ಸಾಕೆಟ್ ಇರುತ್ತವೆ. ಒಂದರಿಂದ ಇನ್ನೊಂದು ಪೆಟ್ಟಿಗೆಗೆ ತಂತಿ ಎಳೆಯುವುದು ನೋಡಲು ಹಾರದಂತೆಯೇ ಇರುತ್ತದೆ, ಆದರೆ ಒಳಗೆ ಅದು ಸಮಾಂತರ ಸಂಪರ್ಕ. ಅನೇಕ ಹುಡುಗರು ಮೋಸ ಹೋಗುವುದು ಇಲ್ಲೇ. "ಇನ್ನೆರಡು ಬಾಕ್ಸ್ ಜೋಡಸ್ರಿ, ದನಿ ಏರ್ತೈತಿ" ಎಂದು ಮದುವೆ ಮನೆಯವರು ಒತ್ತಾಯಿಸುತ್ತಾರೆ. ಹುಡುಗ ಜೋಡಿಸುತ್ತಾನೆ. ಎರಡು ಪೆಟ್ಟಿಗೆಗೆ 4 ಓಮ್ ಇದ್ದದ್ದು ನಾಲ್ಕಕ್ಕೆ 2 ಓಮ್ ಆಗುತ್ತದೆ. ಅರ್ಧ ಗಂಟೆಯಲ್ಲಿ "ಯಾಕ್ರಿ, ದನಿ ಒಡದಂಗ ಬರತೈತಿ" ಎನ್ನುವ ಮಾತು ಕೇಳುತ್ತದೆ.

ಇದಕ್ಕೆ ಒಂದು ಸುಲಭ ಉಪಾಯವುಂಟು. ಒಂದೇ ಮಾದರಿಯ ನಾಲ್ಕು 8 ಓಮ್ ಸ್ಪೀಕರುಗಳಿದ್ದರೆ ಎರಡೆರಡನ್ನು ಸರಣಿಯಲ್ಲಿ ಕಟ್ಟಿ, ಆ ಎರಡು ಜೋಡಿಗಳನ್ನು ಸಮಾಂತರವಾಗಿ ಸೇರಿಸಿ. 16 ಮತ್ತು 16 ಸೇರಿ ಮತ್ತೆ 8 ಓಮ್. ಆಂಪ್ಲಿಫೈಯರಿಗೆ ಒಂದೇ ಸ್ಪೀಕರು ಕಟ್ಟಿದಷ್ಟೇ ಭಾರ. ಆದರೆ ನಾಲ್ಕೂ ಒಂದೇ ಮಾದರಿಯವಿರಬೇಕು. ಬೇರೆ ಬೇರೆ ಸ್ಪೀಕರುಗಳನ್ನು ಸರಣಿಯಲ್ಲಿ ಕಟ್ಟಿದರೆ ಶಕ್ತಿ ಸಮನಾಗಿ ಹಂಚಿಕೆಯಾಗದು, ದನಿಯೂ ಕೆಡುತ್ತದೆ.

ಬ್ರಿಡ್ಜ್ ಎಂಬ ಇನ್ನೊಂದು ವಿಧಾನದಲ್ಲಿ ಸ್ಟೀರಿಯೋ ಆಂಪ್ಲಿಫೈಯರಿನ ಎರಡೂ ಭಾಗಗಳನ್ನು ಒಂದು ಮಾಡಿ ಒಂದೇ ಸ್ಪೀಕರಿಗೆ ಕೊಡುತ್ತಾರೆ. ಆಗ ಪ್ರತಿಯೊಂದು ಭಾಗಕ್ಕೂ ಸ್ಪೀಕರಿನ ಓಮಿನ ಅರ್ಧ ಮಾತ್ರ ಕಾಣುತ್ತದೆ. 8 ಓಮಿನ ಸ್ಪೀಕರು 4ರಂತೆ, 4 ಓಮಿನದು 2ರಂತೆ ವರ್ತಿಸುತ್ತದೆ. ಆದ್ದರಿಂದ ಯಂತ್ರದ ಮೇಲೆ 'ಬ್ರಿಡ್ಜ್ ಕನಿಷ್ಠ 8 ಓಮ್' ಎಂದು ಬರೆದಿದ್ದರೆ ಅದನ್ನು ಶಾಸನದಂತೆ ಪಾಲಿಸಿ.

ಪೆಟ್ಟಿಗೆಯ ಮೇಲಿನ ಅಂಕಿ ಪೂರ್ತಿ ಸತ್ಯವಲ್ಲ

ಇಲ್ಲಿಯವರೆಗೆ ಸ್ಪೀಕರಿನ ಓಮ್ ಒಂದೇ ಸ್ಥಿರ ಸಂಖ್ಯೆ ಎಂಬಂತೆ ಮಾತನಾಡಿದೆವು. ನಿಜದಲ್ಲಿ ಹಾಗಿಲ್ಲ. ಸ್ಪೀಕರಿನಲ್ಲಿ ತಾಮ್ರದ ಸುರುಳಿ ಇದೆ, ಅಯಸ್ಕಾಂತ ಇದೆ, ಅಲುಗಾಡುವ ಕೋನ್ ಇದೆ. ಒಳಗೆ ಕ್ರಾಸ್‌ಓವರ್ ಇದ್ದರೆ ಕಾಯಿಲು, ಕೆಪ್ಯಾಸಿಟರುಗಳೂ ಇವೆ. ಹೀಗಾಗಿ ಅದು ಕರೆಂಟಿಗೆ ಒಡ್ಡುವ ಒಟ್ಟು ಅಡ್ಡಿ ಸ್ವರದ ಆವೃತ್ತಿಯನ್ನು ಅನುಸರಿಸಿ ಏರಿಳಿಯುತ್ತದೆ. ಈ ಏರಿಳಿಯುವ ಅಡ್ಡಿಗೆ ಇಂಪೀಡೆನ್ಸ್ ಎಂದು ಹೆಸರು. ಅಳೆಯುವುದು ಓಮಿನಲ್ಲೇ.

8 ಓಮ್ ಎಂದು ಬರೆದ ಸ್ಪೀಕರನ್ನು ಮಲ್ಟಿಮೀಟರಿನಿಂದ ಅಳೆದರೆ ಸಾಮಾನ್ಯವಾಗಿ 6 ಓಮಿನ ಆಸುಪಾಸು ತೋರಿಸುತ್ತದೆ. ಸ್ಪೀಕರು ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಮೀಟರು ತೋರಿಸುವುದು ತಂತಿಯ ರೋಧವನ್ನು ಮಾತ್ರ. ಕೋನ್ ತಾನಾಗಿ ಕಂಪಿಸಲು ಬಯಸುವ ಆವೃತ್ತಿಯಲ್ಲಿ ಅದೇ ಸ್ಪೀಕರು 30-40 ಓಮ್ ದಾಟಬಹುದು. ಇನ್ನೊಂದು ಆವೃತ್ತಿಯಲ್ಲಿ 6.4 ಓಮಿಗೆ ಇಳಿಯಬಹುದು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಕನಿಷ್ಠ ಮಟ್ಟ ಬರೆದ ಅಂಕಿಯ ಶೇಕಡಾ 80ಕ್ಕಿಂತ ಕೆಳಗೆ ಹೋಗಬಾರದು. ಅಂದರೆ 4 ಓಮಿನ ಪೆಟ್ಟಿಗೆ 3.2ರವರೆಗೆ ಇಳಿದರೂ ಅದು ನಿಯಮದೊಳಗೇ ಇದೆ. ಅಂಥ ಎರಡನ್ನು ಸಮಾಂತರವಾಗಿ ಕಟ್ಟಿದರೆ 2 ಓಮ್ ಎಂದು ನೀವು ತಿಳಿದದ್ದು ಕೆಲವು ಸ್ವರಗಳಿಗೆ 1.6 ಓಮ್ ಆಗಿರುತ್ತದೆ. ಎಲ್ಲ ತಯಾರಕರೂ ಈ ಮಾನದಂಡವನ್ನು ಪಾಲಿಸುತ್ತಾರೆಂಬ ಖಾತ್ರಿಯೂ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಂದರೆ ಇದೆ. ಸಾಮಾನ್ಯ ರೋಧದಲ್ಲಿ ವೋಲ್ಟೇಜೂ ಕರೆಂಟೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಸ್ಪೀಕರಿನಲ್ಲಿ ಒಂದು ಮುಂದೆ, ಇನ್ನೊಂದು ಹಿಂದೆ. ಹೊಂದಿಕೆಯಿಲ್ಲದ ಜೋಡಿ ಎತ್ತುಗಳ ಹಾಗೆ: ಒಂದು ಎಳೆಯುವಾಗ ಇನ್ನೊಂದು ನಿಂತಿರುತ್ತದೆ, ಗಾಡಿ ಮುಂದೆ ಹೋಗದಿದ್ದರೂ ನೊಗಕ್ಕೆ ಪೆಟ್ಟು ಬೀಳುತ್ತದೆ. ಆಂಪ್ಲಿಫೈಯರಿನಲ್ಲಿ ಆ ಪೆಟ್ಟು ಬೀಳುವುದು ಔಟ್‌ಪುಟ್ ಟ್ರಾನ್ಸಿಸ್ಟರಿಗೆ. 40 ವೋಲ್ಟಿನ ಸಪ್ಲೈ ಇರುವ ಯಂತ್ರಕ್ಕೆ 4 ಓಮಿನ ಬರೀ ರೋಧ ಕಟ್ಟಿದರೆ ಟ್ರಾನ್ಸಿಸ್ಟರಿನಲ್ಲಿ ಅತಿ ಕಷ್ಟದ ಕ್ಷಣದಲ್ಲಿ 100 ವ್ಯಾಟ್ ಶಾಖವಾಗುತ್ತದೆ. ಅದೇ 4 ಓಮ್, ಆದರೆ ವೋಲ್ಟೇಜಿಗೂ ಕರೆಂಟಿಗೂ 45 ಡಿಗ್ರಿ ಅಂತರ ಇದ್ದರೆ ಪೂರ್ಣ ದನಿಯಲ್ಲಿ ಆ ಕ್ಷಣದ ಶಾಖ ಸುಮಾರು 280 ವ್ಯಾಟಿಗೆ ಏರುತ್ತದೆ. ಹೀಗೆ ಓಮೂ ಕಡಿಮೆ, ಅಂತರವೂ ಹೆಚ್ಚು ಇರುವ ಸ್ಪೀಕರುಗಳನ್ನೇ 'ಕಷ್ಟದ ಸ್ಪೀಕರು' ಎನ್ನುವುದು. ಒಂದೇ ವ್ಯಾಟಿನ ಎರಡು ಆಂಪ್ಲಿಫೈಯರುಗಳಲ್ಲಿ ಒಂದು ಬದುಕಿ ಇನ್ನೊಂದು ಸುಡುವುದಕ್ಕೆ ಕಾರಣವೂ ಇದೇ.

ಇಂಥ ಸ್ಪೀಕರುಗಳ ಪೈಕಿ ಜಗತ್ತಿನಲ್ಲಿ ಹೆಸರಾದದ್ದು 1980ರ ದಶಕದಲ್ಲಿ ಅಮೆರಿಕದ ಅಪೋಜಿ ಕಂಪನಿ ಮಾಡಿದ ಸಿಂಟಿಲ್ಲಾ. ಅದರಲ್ಲಿ ಕಾಗದದ ಕೋನಿನ ಬದಲು ತೆಳುವಾದ ಅಲ್ಯೂಮಿನಿಯಂ ಪಟ್ಟಿ ಕಂಪಿಸುತ್ತಿತ್ತು. ಇಂಪೀಡೆನ್ಸ್ ಬರೀ 1 ಓಮ್. ಹೆಚ್ಚಿನ ಆಂಪ್ಲಿಫೈಯರುಗಳು ಅದರ ಮುಂದೆ ಕೈಚೆಲ್ಲಿದವು. 1980ರಲ್ಲಿ ಆರಂಭವಾದ ಕ್ರೆಲ್ ಎಂಬ ಕಂಪನಿ ಹೆಸರು ಗಳಿಸಿದ್ದು ಓಮ್ ಅರ್ಧವಾದಾಗಲೆಲ್ಲ ಶಕ್ತಿಯನ್ನು ಇಮ್ಮಡಿ ಮಾಡಿ ಕೊಡಬಲ್ಲ ಯಂತ್ರಗಳಿಂದ. ಆ ಯಂತ್ರಗಳು ಭಾರವಾಗಿದ್ದವು, ಬಿಸಿಯಾಗುತ್ತಿದ್ದವು, ಬೆಲೆಯೂ ದುಬಾರಿ. ಪಾಠ ಇಷ್ಟೇ: ಕಷ್ಟದ ಸ್ಪೀಕರನ್ನು ನಡೆಸಲು ಸಾಧ್ಯ, ಆದರೆ ಅದರ ಬೆಲೆಯನ್ನು ಆಂಪ್ಲಿಫೈಯರಿನಲ್ಲಿ ತೆರಬೇಕು.

ಹಿಂಬದಿಯ ತಿರುಪುಗಳು ಹೇಳುವುದೇನು?

ನಮ್ಮ ದೇಶದಲ್ಲಿ ಸಭೆಗೆ ಧ್ವನಿವರ್ಧಕ ಬಂದದ್ದು ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ. ಗಾಂಧೀಜಿಯವರ ಭಾಷಣದ ಹಳೆಯ ಚಿತ್ರಗಳಲ್ಲಿ ಮೈಕಿನ ಮೇಲೆ 'ಚಿಕಾಗೋ ರೇಡಿಯೋ' ಎಂಬ ಹೆಸರನ್ನು ಕಾಣಬಹುದು. ಅದು ಮೋಟ್ವಾನೆ ಕುಟುಂಬದ ಸಂಸ್ಥೆ. ಮುಂದೆ 1940ರಲ್ಲಿ ಆರಂಭವಾದ ಅಹುಜಾದಂಥ ದೇಶೀ ಕಂಪನಿಗಳ ಯಂತ್ರಗಳು ಊರೂರಿಗೂ ಬಂದವು. ಮಸೀದಿ, ಗುಡಿ, ಶಾಲೆಗಳಲ್ಲಿ ಕಾಣುವ ಈ ಮಾದರಿಯ ಆಂಪ್ಲಿಫೈಯರಿನ ಹಿಂದೆ ಸಾಲಾಗಿ ತಿರುಪುಗಳಿರುತ್ತವೆ: ಕಾಮನ್, 4 ಓಮ್, 8 ಓಮ್, 16 ಓಮ್, 100 ವೋಲ್ಟ್.

ಒಳಗಿರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಬೇರೆ ಬೇರೆ ತುದಿಗಳಿವು. 100 ವ್ಯಾಟಿನ ಯಂತ್ರದಲ್ಲಿ 4 ಓಮಿನ ತಿರುಪಿನಲ್ಲಿ 20 ವೋಲ್ಟ್, 8ರಲ್ಲಿ ಸುಮಾರು 28, 16ರಲ್ಲಿ 40 ವೋಲ್ಟ್ ಬರುತ್ತದೆ. ಯಾವ ತಿರುಪಿಗೆ ಅದರದೇ ಓಮ್ ಕಟ್ಟಿದರೂ ಶಕ್ತಿ 100 ವ್ಯಾಟೇ. ಎರಡು 8 ಓಮ್ ಸ್ಪೀಕರುಗಳನ್ನು ಸಮಾಂತರವಾಗಿ ಕಟ್ಟಿ 8ರ ತಿರುಪಿಗೇ ಕೊಟ್ಟರೆ ಅವು 200 ವ್ಯಾಟ್ ಕೇಳುತ್ತವೆ. 4ರ ತಿರುಪಿಗೆ ಬದಲಿಸಿದರೆ 100 ವ್ಯಾಟಿನೊಳಗೇ ನೆಮ್ಮದಿಯಾಗಿ ನಡೆಯುತ್ತವೆ. ಒಂದು ತಿರುಪು ಬದಲಿಸುವ ಕೆಲಸ, ಕಾಸಿನ ಖರ್ಚಿಲ್ಲ.

ಮಿನಾರಿನ ಮೇಲಿನ ಹಾರ್ನುಗಳಿಗೆ 100 ವೋಲ್ಟಿನ ಲೈನೇ ಸರಿ. ಶರಾವತಿಯ ವಿದ್ಯುತ್ತು ದೂರದ ಊರುಗಳಿಗೆ 2,20,000 ವೋಲ್ಟಿನ ತಂತಿಗಳಲ್ಲಿ ಹೊರಡುವುದೇಕೆ? ವೋಲ್ಟೇಜು ಹೆಚ್ಚಿದ್ದರೆ ಕರೆಂಟು ಕಡಿಮೆ ಸಾಕು, ಕರೆಂಟು ಕಡಿಮೆಯಾದರೆ ತಂತಿಯಲ್ಲಿ ನಷ್ಟ ಕಡಿಮೆ. ಇಲ್ಲಿಯೂ ಅದೇ ತತ್ವ. ಪ್ರತಿ ಹಾರ್ನಿಗೂ ಒಂದು ಪುಟ್ಟ ಲೈನ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಆಗ ಓಮಿನ ಲೆಕ್ಕವೇ ಬೇಡ, ವ್ಯಾಟುಗಳನ್ನು ಕೂಡಿದರೆ ಸಾಕು. 30 ವ್ಯಾಟಿನ ನಾಲ್ಕು ಹಾರ್ನು ಎಂದರೆ 120 ವ್ಯಾಟ್. ಈ ಮೊತ್ತ ಆಂಪ್ಲಿಫೈಯರಿನ ಶೇಕಡಾ 80ನ್ನು ಮೀರದಿರಲಿ. ಆದ್ದರಿಂದ ಇಲ್ಲಿ 150 ವ್ಯಾಟಿಗೆ ಕಡಿಮೆಯಿಲ್ಲದ ಯಂತ್ರ ಬೇಕು.

ಎರಡು ಎಚ್ಚರಿಕೆ. ಟ್ರಾನ್ಸ್‌ಫಾರ್ಮರ್ ಇಲ್ಲದ 8 ಓಮಿನ ಸ್ಪೀಕರನ್ನು ಅಪ್ಪಿತಪ್ಪಿಯೂ 100 ವೋಲ್ಟಿನ ಲೈನಿಗೆ ಕಟ್ಟಬೇಡಿ. ಅದು 1,250 ವ್ಯಾಟ್ ಕೇಳುತ್ತದೆ. ಸ್ಪೀಕರು, ಯಂತ್ರ ಎರಡಕ್ಕೂ ಅಪಾಯ. ಎರಡನೆಯದು, ಆ ಲೈನು ಮನುಷ್ಯರಿಗೂ ಶಾಕ್ ಕೊಡುತ್ತದೆ. ಯಂತ್ರ ಚಾಲೂ ಇರುವಾಗ ಮಿನಾರು ಹತ್ತಿ ತಂತಿ ಮುಟ್ಟಬೇಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ.

ತಂತಿ ನುಂಗುವ ಶಕ್ತಿ

ಸ್ಪೀಕರಿಗೆ ಸಾವಿರಾರು ರೂಪಾಯಿ ಕೊಟ್ಟು ತಂತಿಯಲ್ಲಿ ಉಳಿತಾಯ ಮಾಡುವವರನ್ನು ನೋಡುತ್ತೇವೆ. ವೇದಿಕೆಯಿಂದ 30 ಮೀಟರ್ ದೂರಕ್ಕೆ ತಂತಿ ಎಳೆದರೆ ಹೋಗಿ ಬರುವ ದಾರಿ ಸೇರಿ 60 ಮೀಟರ್. 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ ಅದರ ರೋಧ ಸುಮಾರು 0.44 ಓಮ್. 8 ಓಮಿನ ಸ್ಪೀಕರಿಗೆ ಸಿಗಬೇಕಾದ ಶಕ್ತಿಯಲ್ಲಿ ಶೇಕಡಾ 10 ಕಡಿಮೆಯಾಗುತ್ತದೆ. 4 ಓಮಾದರೆ ಶೇಕಡಾ 19, 2 ಓಮಾದರೆ ಶೇಕಡಾ 33. ಅದೇ ಜಾಗದಲ್ಲಿ ಅರ್ಧ ಚದರ ಮಿಲಿಮೀಟರಿನ ತೆಳು ತಂತಿ ಹಾಕಿದರೆ ರೋಧ 2 ಓಮ್ ದಾಟುತ್ತದೆ. 4 ಓಮಿನ ಸ್ಪೀಕರಿಗೆ ಐದರಲ್ಲಿ ಎರಡು ಪಾಲು ಮಾತ್ರ ಮುಟ್ಟುತ್ತದೆ.

ಅಂದರೆ ದನಿ ಹೆಚ್ಚಲೆಂದು ಓಮ್ ಇಳಿಸಿದವನು, ಹೆಚ್ಚಾದ ಕರೆಂಟನ್ನು ತಂತಿ ಕಾಯಿಸಲು ಖರ್ಚು ಮಾಡಿದ. ತಂತಿಯ ರೋಧ ಹೆಚ್ಚಾದಾಗ ಆಂಪ್ಲಿಫೈಯರಿಗೆ ಕೋನಿನ ಮೇಲಿನ ಹಿಡಿತವೂ ಸಡಿಲವಾಗಿ ತಗ್ಗು ಸ್ವರಗಳು ಗೊಗ್ಗರಾಗುತ್ತವೆ. ಕಡಿಮೆ ಓಮಿನ ಸ್ಪೀಕರಿದ್ದರೆ ಆಂಪ್ಲಿಫೈಯರನ್ನು ಅದರ ಪಕ್ಕದಲ್ಲೇ ಇಡಿ, ತಂತಿ ದಪ್ಪಗೂ ಗಿಡ್ಡಗೂ ಇರಲಿ.

ಮೂರು ಡೆಸಿಬೆಲ್ಲಿಗಾಗಿ ಇಷ್ಟೆಲ್ಲಾ ಏಕೆ?

ಈಗ ಮುಖ್ಯ ಪ್ರಶ್ನೆಗೆ ಬರೋಣ. 8 ಓಮಿನಿಂದ 4ಕ್ಕೆ ಇಳಿಸಿ, ಯಂತ್ರಕ್ಕೆ ಕಷ್ಟ ಕೊಟ್ಟು, ಇಮ್ಮಡಿ ಶಕ್ತಿ ಪಡೆದರೆ ಕಿವಿಗೆ ಸಿಗುವ ಲಾಭವೆಷ್ಟು? ಬರೀ 3 ಡೆಸಿಬೆಲ್. ಕೇಳುವವರಿಗೆ 'ತುಸು ಹೆಚ್ಚಾಯಿತು' ಎನಿಸುವಷ್ಟು. ದನಿ ಇಮ್ಮಡಿಯಾಯಿತು ಎಂದು ಕಿವಿಗೆ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ಶಕ್ತಿ.

ದೂರದ ಲೆಕ್ಕ ನೋಡಿ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ದನಿ 6 ಡೆಸಿಬೆಲ್ ಇಳಿಯುತ್ತದೆ. ಸ್ಪೀಕರಿನಿಂದ 40 ಮೀಟರ್ ದೂರ ಕುಳಿತ ಹುಡುಗಿಯ ಹತ್ತಿರಕ್ಕೆ, 10 ಮೀಟರಿನಲ್ಲಿ, ಅಂಥದೇ ಇನ್ನೊಂದು ಸ್ಪೀಕರು ಇಟ್ಟರೆ ಅವಳಿಗೆ 12 ಡೆಸಿಬೆಲ್ ಲಾಭ. ವೇದಿಕೆಯ ಸ್ಪೀಕರಿನಿಂದಲೇ ಇಷ್ಟನ್ನು ಪಡೆಯಲು ಹದಿನಾರು ಪಟ್ಟು ಶಕ್ತಿ ಬೇಕಾಗುತ್ತಿತ್ತು. ಮುಂದಿನ ಸಾಲಿನ ಮಕ್ಕಳ ಕಿವಿ ಅದನ್ನು ತಡೆಯುತ್ತಿರಲಿಲ್ಲ.

ಇದೇ ನಾನು ಸಂಘದ ಹಿರಿಯರ ಮುಂದೆ ಇಡಬಯಸುವ ಸಲಹೆ. ಸಭಾಭವನಕ್ಕೆ ದೊಡ್ಡ ಪೆಟ್ಟಿಗೆಗಳನ್ನು ಪೇರಿಸಿ 2 ಓಮಿಗೆ ಇಳಿಸುವ ಯೋಜನೆ ಬೇಡ. ಗೋಡೆಯುದ್ದಕ್ಕೂ ಸಣ್ಣ ಕಾಲಂ ಸ್ಪೀಕರುಗಳನ್ನು 100 ವೋಲ್ಟಿನ ಲೈನಿನಲ್ಲಿ ಹಾಕಿಸಿ. ಪ್ರತಿಯೊಂದಕ್ಕೂ 10-20 ವ್ಯಾಟ್ ಸಾಕು. ಮಾತು ಸ್ಪಷ್ಟವಾಗಿ ಕೊನೆಯ ಸಾಲಿಗೂ ಮುಟ್ಟುತ್ತದೆ, ಆಂಪ್ಲಿಫೈಯರೂ ತಣ್ಣಗಿರುತ್ತದೆ. ಒಂದು ವಿಷಯ ಗಮನಿಸಿ: ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುತ್ತದೆ. ಎರಡು ಸ್ಪೀಕರುಗಳಿಂದ ಕೇಳುಗನಿಗಿರುವ ದೂರದಲ್ಲಿ 17 ಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದೇ ಮಾತು ಎರಡು ಸಲ ಕೇಳಿಸತೊಡಗುತ್ತದೆ. ಆದ್ದರಿಂದ ಅವು ಹತ್ತಿರ ಹತ್ತಿರ ಇರಲಿ, ದನಿ ಮೆಲ್ಲಗಿರಲಿ.

ಸ್ಪೀಕರಿನ ಸೆನ್ಸಿಟಿವಿಟಿಯನ್ನೂ ಕೇಳಿ ಕೊಳ್ಳಿ. 1 ವ್ಯಾಟಿಗೆ 1 ಮೀಟರಿನಲ್ಲಿ ಎಷ್ಟು ಡೆಸಿಬೆಲ್ ಎಂಬ ಅಂಕಿ ಅದು. 90 ಇರುವ ಸ್ಪೀಕರು 100 ವ್ಯಾಟಿನಲ್ಲಿ ಮಾಡುವ ಕೆಲಸವನ್ನು 100 ಇರುವುದು 10 ವ್ಯಾಟಿನಲ್ಲಿ ಮಾಡುತ್ತದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ 'ಪಿಎಂಪಿಓ' ವ್ಯಾಟುಗಳನ್ನು ನಂಬಬೇಡಿ, 'ಆರ್‌ಎಂಎಸ್' ವ್ಯಾಟ್ ಕೇಳಿ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಬಣ್ಣ ನೋಡಿ ಖಾರ ಅಳೆಯಬಾರದೆಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ರಾಣೆಬೆನ್ನೂರಿನ ಪೇಟೆಯಲ್ಲಿ ಬೀಜ ಕೊಳ್ಳುವ ರೈತ ಚೀಲದ ಮೇಲಿನ ಚೀಟಿಯನ್ನು ಓದಿ ಕೊಳ್ಳುತ್ತಾನೆ. ಆಂಪ್ಲಿಫೈಯರಿನ ಹಿಂದಿನ ಚೀಟಿಯನ್ನೂ ಹಾಗೆಯೇ ಓದಬೇಕು.

ನೆರೆಹೊರೆ ಮತ್ತು ಕಾನೂನು

ದನಿಯ ಲೆಕ್ಕದಲ್ಲಿ ನೆರೆಯವರೂ ಸೇರಿದ್ದಾರೆ. ಕೇಂದ್ರ ಸರ್ಕಾರದ ಶಬ್ದ ಮಾಲಿನ್ಯ ನಿಯಮಗಳು 2000ನೇ ಇಸವಿಯಲ್ಲಿ ಜಾರಿಗೆ ಬಂದವು. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟು ಈ ನಿರ್ಬಂಧಗಳನ್ನು ಎತ್ತಿಹಿಡಿಯಿತು. ಇದು ಮಸೀದಿ, ಗುಡಿ, ಚರ್ಚು, ಮದುವೆ, ಮೆರವಣಿಗೆ ಎಲ್ಲಕ್ಕೂ ಒಂದೇ.

ನಮಗೆ ಇದು ಹೊಸ ಮಾತೂ ಅಲ್ಲ. ಹಜರತ್ ಲುಕ್ಮಾನರು ಮಗನಿಗೆ ಮಾಡಿದ ಉಪದೇಶದಲ್ಲಿ ದನಿಯ ಮಿತಿಯೂ ಸೇರಿದೆ. ಪಕ್ಕದ ಮನೆಯಲ್ಲಿ ರೋಗಿ ಇರಬಹುದು, ಪರೀಕ್ಷೆಗೆ ಓದುವ ಮಗು ಇರಬಹುದು. ಒಡೆದ ದೊಡ್ಡ ದನಿಗಿಂತ ಸ್ಪಷ್ಟವಾದ ಸಣ್ಣ ದನಿಯೇ ಅಜಾನಿಗೆ ಗೌರವ. ಸರಿಯಾಗಿ ಹೊಂದಿಸಿದ ಆಂಪ್ಲಿಫೈಯರು ಮತ್ತು ಹಾರ್ನು ಈ ಕೆಲಸವನ್ನು ತಾನಾಗಿ ಮಾಡುತ್ತದೆ. ಕಾನೂನನ್ನೂ ಸ್ನೇಹವನ್ನೂ ಒಟ್ಟಿಗೆ ಉಳಿಸಿಕೊಳ್ಳುವ ದಾರಿ ಇದು.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಸಾವಿರ ವರ್ಷಗಳ ಹಿಂದೆಯೇ ಬೆಳಕಿನ ಬಗ್ಗೆ ಪ್ರಯೋಗ ಮಾಡಿ ನೋಡಿದವರು. ಹಿರಿಯರು ಹೇಳಿದ್ದೆಂದು ಒಪ್ಪದೆ ಪರೀಕ್ಷಿಸಿ ಒಪ್ಪುವುದು ಅವರ ದಾರಿ. ನೀವೂ ನನ್ನ ಮಾತನ್ನು ನಂಬಬೇಡಿ, ಅಳೆದು ನೋಡಿ.

ಬೇಕಾದದ್ದು ಒಂದು ಸಣ್ಣ ಆಂಪ್ಲಿಫೈಯರ್, 1000 ಓಮಿನ ಒಂದು ರೆಸಿಸ್ಟರ್, 10 ಓಮಿನ ಇನ್ನೊಂದು, ಎ.ಸಿ. ಮಿಲಿವೋಲ್ಟ್ ಅಳೆಯಬಲ್ಲ ಮಲ್ಟಿಮೀಟರ್, ಮತ್ತು ಶುದ್ಧ ಸ್ವರ ಹೊರಡಿಸುವ ಆ್ಯಪ್ ಇರುವ ಮೊಬೈಲು. 1000 ಓಮ್ ಮತ್ತು 10 ಓಮುಗಳನ್ನು ಸರಣಿಯಲ್ಲಿ ಆಂಪ್ಲಿಫೈಯರಿಗೆ ಕಟ್ಟಿ, 10 ಓಮಿನ ಎರಡು ತುದಿಗಳ ನಡುವೆ 50 ಮಿಲಿವೋಲ್ಟ್ ಬರುವಂತೆ ವಾಲ್ಯೂಮ್ ಹೊಂದಿಸಿ. ಈಗ ವಾಲ್ಯೂಮ್ ಮುಟ್ಟದೆ 10 ಓಮಿನ ಜಾಗದಲ್ಲಿ ಸ್ಪೀಕರು ಕಟ್ಟಿ. ಮೀಟರು 30 ಮಿಲಿವೋಲ್ಟ್ ತೋರಿಸಿದರೆ ಇಂಪೀಡೆನ್ಸ್ 6 ಓಮ್, 40 ತೋರಿಸಿದರೆ 8 ಓಮ್. ಆವೃತ್ತಿಯನ್ನು 30 ಹರ್ಟ್ಸಿನಿಂದ ಮೆಲ್ಲಗೆ ಏರಿಸುತ್ತಾ ಪ್ರತಿಯೊಂದನ್ನೂ ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಅಗ್ಗದ ಮೀಟರುಗಳು ಕೆಲವು ನೂರು ಹರ್ಟ್ಸಿನಾಚೆ ಸರಿಯಾಗಿ ಅಳೆಯವು, ಅಲ್ಲಿಗೇ ನಿಲ್ಲಿಸಿ. ಆದರೂ ಸ್ಪೀಕರಿನ ಗುಡ್ಡ ಮತ್ತು ಕಣಿವೆ ನಿಮ್ಮ ಕಣ್ಣೆದುರೇ ಮೂಡುತ್ತವೆ. ವಿಜ್ಞಾನ ಪ್ರದರ್ಶನಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೆ?

ನಮ್ಮ ಎಷ್ಟೋ ಹುಡುಗರು ಶಾಲೆ ಬಿಟ್ಟು ಸೌಂಡ್ ಸಿಸ್ಟಮ್ ಕೆಲಸಕ್ಕೆ ಸೇರುತ್ತಾರೆ. ಕೈಯಲ್ಲಿ ಕಸುಬಿದೆ, ಲೆಕ್ಕವಿಲ್ಲ. ಅವರಿಗೆ ನಾನು ಹೇಳುವುದು, ಐಟಿಐಯಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಓದಿ, ಇಲ್ಲವೇ ಡಿಪ್ಲೊಮಾಕ್ಕೆ ಹೋಗಿ. ತಂತಿ ಜೋಡಿಸುವವನಿಗೆ ದಿನದ ಕೂಲಿ ಸಿಗುತ್ತದೆ. ಲೆಕ್ಕ ಹಾಕಿ ಜೋಡಿಸುವವನನ್ನು ಊರಿನವರು ಹುಡುಕಿಕೊಂಡು ಬರುತ್ತಾರೆ. ಸಂಘವು ಇಂಥ ಹುಡುಗರಿಗಾಗಿ ರಜೆಯಲ್ಲಿ ಹತ್ತು ದಿನದ ತರಬೇತಿ ಏರ್ಪಡಿಸಿದರೆ ಅದು ವಿದ್ಯಾರ್ಥಿವೇತನದಷ್ಟೇ ಪುಣ್ಯದ ಕೆಲಸ.

ನೆನಪಿಡಬೇಕಾದ ಮಾತುಗಳು

1. ಸ್ಪೀಕರು ಕಟ್ಟುವ ಮೊದಲು ಒಟ್ಟು ಓಮ್ ಲೆಕ್ಕ ಹಾಕಿ. ಆಂಪ್ಲಿಫೈಯರಿನ ಮೇಲೆ ಬರೆದ ಕನಿಷ್ಠಕ್ಕಿಂತ ಕೆಳಗೆ ಹೋಗಬೇಡಿ.

2. 4 ಓಮಿನ ಪೆಟ್ಟಿಗೆಗಳಿಗೆ 2 ಓಮಿನವರೆಗೂ ತಾಳುವ ಯಂತ್ರವನ್ನೇ ಕೊಳ್ಳಿ. ಒಂದು ಮೆಟ್ಟಿಲು ಕೈಯಲ್ಲಿ ಉಳಿದಿರಲಿ.

3. 100 ವೋಲ್ಟಿನ ಲೈನು ಮತ್ತು ಓಮಿನ ಸ್ಪೀಕರುಗಳನ್ನು ಬೆರೆಸಬೇಡಿ.

4. ದನಿ ಒಡೆಯತೊಡಗಿದರೆ ವಾಲ್ಯೂಮ್ ಇಳಿಸಿ, ಏರಿಸಬೇಡಿ. ಒಡೆದ ದನಿಯೇ ಟ್ವೀಟರುಗಳನ್ನು ಸುಡುವುದು.

5. ಯಂತ್ರಕ್ಕೆ ಗಾಳಿಯಾಡಲು ಜಾಗ ಬಿಡಿ. ಜಮಖಾನೆಯ ಮೇಲಿಟ್ಟು ಬಟ್ಟೆ ಹೊದಿಸಬೇಡಿ.

6. ಫ್ಯೂಸ್ ಹೋದರೆ ಅದೇ ಅಳತೆಯದನ್ನೇ ಹಾಕಿ. ದಪ್ಪ ತಂತಿ ಸುತ್ತುವುದು ಬೆಂಕಿಯನ್ನು ಕರೆದಂತೆ.

7. ದನಿ ಸಾಲದಿದ್ದರೆ ಶಕ್ತಿ ಹೆಚ್ಚಿಸುವ ಮೊದಲು ಸ್ಪೀಕರನ್ನು ಕೇಳುಗರ ಹತ್ತಿರಕ್ಕೆ ತನ್ನಿ.

ಮಿತ್ರರೇ, ಯಂತ್ರಕ್ಕೆ ಅದರ ಶಕ್ತಿ ಮೀರಿದ ಭಾರ ಹೊರಿಸಬಾರದು, ಕಿವಿಗೂ ಹೊರಿಸಬಾರದು. ಮುಂದಿನ ವಾರ್ಷಿಕೋತ್ಸವದಲ್ಲಿ ಕೊನೆಯ ಸಾಲಿನ ಹುಡುಗಿಗೆ ಬಹುಮಾನ ಪಡೆದವರ ಹೆಸರುಗಳೆಲ್ಲ ಸ್ಪಷ್ಟವಾಗಿ ಕೇಳಿಸಿದರೆ ಈ ಒಂದು ಗಂಟೆಯ ಮಾತು ಸಾರ್ಥಕವಾಯಿತೆಂದು ತಿಳಿಯುತ್ತೇನೆ. ಅಲ್ಲಾಹನು ನಮ್ಮೆಲ್ಲರಿಗೂ ಉಪಯೋಗಕ್ಕೆ ಬರುವ ವಿದ್ಯೆಯನ್ನು ಕರುಣಿಸಲಿ.